ಮೊದಲು ಗುಜರಿ, ಆಮೇಲೆ ಬಣ್ಣ

ಚಿರಂಜೀವಿ ಪುಟ್ಟಿಗೆ,

ಮೈಸೂರಿನಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಭಾವನವರ ಮಂಡಿನೋವು ಕಡಿಮೆಯಾಗಿದೆ ಎಂದು ತಿಳಿದು ಸಮಾಧಾನವಾಯಿತು.

ಪೀಣ್ಯದ ಶೆಡ್ಡಿನ ಜವಾಬ್ದಾರಿಯನ್ನು ನೀನೇ ವಹಿಸಿಕೊಂಡಿದ್ದೀಯೆ. ಗಿರಾಕಿ ಕಂಪನಿಯವರು ಮುಂದಿನ ತಿಂಗಳು ತಪಾಸಣೆಗೆ ಬರುತ್ತಾರೆ, ಅಷ್ಟರೊಳಗೆ ನೆಲಕ್ಕೆ ಹಸಿರು ಬಣ್ಣ ಹೊಡೆಸಿ ಗೋಡೆಗೆ 5ಎಸ್ ಪಟ ಹಾಕಿಸುತ್ತೇನೆ ಎಂದು ಬರೆದಿದ್ದೀಯೆ. ಬಣ್ಣದವನಿಗೆ ಇನ್ನೂ ಮುಂಗಡ ಕೊಟ್ಟಿಲ್ಲವಾದರೆ ಸದ್ಯಕ್ಕೆ ಕೊಡಬೇಡ. ಅದು ಕೊನೆಯ ಕೆಲಸ.

ಜಪಾನಿನ ಕಾರ್ಖಾನೆಗಳಲ್ಲಿ ಬೆಳೆದು ಬಂದ ಈ 5ಎಸ್ ಪದ್ಧತಿಯಲ್ಲಿ ಐದು ಹೆಜ್ಜೆಗಳಿವೆ. ಬೇಡದ್ದನ್ನು ಹೊರಗೆ ಹಾಕುವುದು, ಉಳಿದದ್ದಕ್ಕೆ ಜಾಗ ಗೊತ್ತುಮಾಡುವುದು, ಶುಚಿಗೊಳಿಸುವುದು, ಎಲ್ಲರೂ ಒಂದೇ ರೀತಿ ಮಾಡುವಂತೆ ನಿಯಮ ಮಾಡುವುದು, ಅದನ್ನು ಬಿಡದೆ ನಡೆಸುವುದು. ಈ ಕ್ರಮ ತಪ್ಪಿದರೆ ಗುಜರಿಯನ್ನೇ ಒರೆಸಿ ಒಪ್ಪವಾಗಿ ಜೋಡಿಸಿಟ್ಟಂತಾಗುತ್ತದೆ.

ಹಾಗಾಗಿ ಮೊದಲು ಕೆಂಪು ಚೀಟಿ ಹಿಡಿದು ಶೆಡ್ಡಿನ ಒಂದು ಮೂಲೆಯಿಂದ ಶುರುಮಾಡು. ಸುಟ್ಟ ಮೋಟಾರು, ನಿಂತುಹೋದ ಆರ್ಡರಿಗೆಂದು ಮಾಡಿದ ಜಿಗ್ಗು (ಉಪಕರಣಕ್ಕೆ ದಾರಿ ತೋರುವ ಅಚ್ಚು), ಯಾವ ಉಕ್ಕು ಎಂದು ಯಾರಿಗೂ ನೆನಪಿಲ್ಲದ ಸಲಾಕೆ, ಹೀಗೆ ಅನುಮಾನವಿರುವ ಪ್ರತಿಯೊಂದಕ್ಕೂ ತಾರೀಖು ಬರೆದ ಚೀಟಿ ಕಟ್ಟಿ ಬೇರೆ ಕಡೆ ಇಡಿಸು. ತಿಂಗಳೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ ಮಾರು, ಇಲ್ಲವೇ ಗುಜರಿಗೆ ಹಾಕು. ಯಾವುದರದೆಂದು ಗೊತ್ತಿಲ್ಲದ ಸಲಾಕೆಯನ್ನಂತೂ ಉಳಿಸಿಕೊಳ್ಳಲೇಬೇಡ. ಅವಸರದಲ್ಲಿ ಯಾರಾದರೂ ಅದನ್ನೇ ಲೋಹ ಕಡೆಯುವ ಲೇತಿಗೆ ಹಾಕಿದರೆ ಇಡೀ ಸರಕು ವಾಪಸು ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅಟ್ಟದ ಮೇಲಿರುವ, ಕೆಲಸದ ತುಂಡನ್ನು ಅಲುಗದಂತೆ ಹಿಡಿದಿಡುವ ಹಳೆಯ ಫಿಕ್ಸ್ಚರುಗಳನ್ನು ಭಾವನವರು ತಮ್ಮ ಕೈಯಾರೆ ಮಾಡಿದ್ದು. ಅವರಿಲ್ಲದ ಹೊತ್ತಿನಲ್ಲಿ ಅವುಗಳನ್ನು ಮುಟ್ಟಬೇಡ. ಒಂದು ಕುರ್ಚಿ ಹಾಕಿ ಅವರನ್ನು ಕೂರಿಸಿ, ಒಂದೊಂದನ್ನೂ ಕೆಳಗಿಳಿಸಿ ಅವರನ್ನೇ ಕೇಳು. ಯಾವುದು ಬೇಕು, ಯಾವುದು ಬೇಡ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಅವರು ಬೇಕೆಂದದ್ದು ಇರಲಿ.

ಜಾಗ ಗೊತ್ತುಮಾಡುವ ಕೆಲಸವನ್ನು ಕಚೇರಿಯಲ್ಲಿ ಕುಳಿತು ಮಾಡಬೇಡ. ಲೇತ್ ಓಡಿಸುವ ಟರ್ನರಿನ ಪಕ್ಕ ಒಂದು ಬೆಳಗ್ಗೆ ಪೂರ್ತಿ ಸುಮ್ಮನೆ ನಿಂತು ನೋಡು. ಸೆಟ್ಟಿಂಗ್ ಮಧ್ಯೆ ಅಲೆನ್ ಕೀ ಬೇಕಾಗುತ್ತದೆ, ಪಕ್ಕದ ಬೆಂಚಿಗೆ ಹೋಗುತ್ತಾನೆ. ಅಲ್ಲಿಲ್ಲ, ಫಿಟ್ಟರನ್ನು ಕೇಳುತ್ತಾನೆ. ಅವನೂ ಕೈಯಲ್ಲಿದ್ದ ಕೆಲಸ ಬಿಟ್ಟು ಡ್ರಾಯರ್ ಜಾಲಾಡುತ್ತಾನೆ. ಇಬ್ಬರ ಹೊತ್ತೂ ಹೋಯಿತು, ಲೇತ್ ಖಾಲಿ ನಿಂತಿತು. ಪ್ರತಿ ಯಂತ್ರದ ಪಕ್ಕ ಒಂದು ಹಲಗೆ ಹಾಕಿಸಿ, ಆ ಯಂತ್ರಕ್ಕೆ ಬೇಕಾದ ಉಪಕರಣಗಳ ಆಕಾರವನ್ನು ಅದರ ಮೇಲೆ ಬರೆಸು. ಯಾವುದು ಕಾಣೆಯಾಗಿದೆ ಎಂಬುದು ದೂರದಿಂದಲೇ ಕಾಣಬೇಕು. ಎಲ್ಲಿ, ಎಷ್ಟು ಎತ್ತರದಲ್ಲಿ ಎಂದು ಕೆಲಸಗಾರರೇ ಹೇಳಲಿ. ತಾವೇ ಆರಿಸಿದ ಜಾಗಕ್ಕೆ ಅವರು ತಾವಾಗಿ ಹಿಂದಿರುಗಿಸಿ ಇಡುತ್ತಾರೆ. ಅಳತೆಯ ಸಾಧನಗಳಾದ ವರ್ನಿಯರ್, ಮೈಕ್ರೋಮೀಟರ್ ಮಾತ್ರ ಸ್ಪ್ಯಾನರುಗಳ ಜೊತೆ ಸೇರಕೂಡದು.

ಲೇತಿನ ಕೆಳಗೆ ಎಣ್ಣೆ ನಿಂತರೆ ಮರದ ಹೊಟ್ಟು ಸುರಿದು ಗುಡಿಸುವ ಅಭ್ಯಾಸ ನಮ್ಮ ಶೆಡ್ಡುಗಳಲ್ಲಿ ಬಹಳ ಇದೆ. ಅದರಿಂದ ನೆಲವೇನೋ ಒಣಗುತ್ತದೆ, ಸೋರುವುದು ಹಾಗೆಯೇ ಇರುತ್ತದೆ. ಒರೆಸುವವನು ಎಣ್ಣೆ ಯಾವ ಸೀಲಿನಿಂದ ಬರುತ್ತಿದೆ ಎಂದು ಬಗ್ಗಿ ನೋಡಬೇಕು, ನೋಡಿದ್ದನ್ನು ನಿನಗೆ ಹೇಳಬೇಕು. ಆದ್ದರಿಂದಲೇ ಯಂತ್ರ ಓಡಿಸುವವನೇ ಅದನ್ನು ಒರೆಸಲಿ ಎನ್ನುವುದು. ಆಯುಧಪೂಜೆಯ ಹಿಂದಿನ ದಿನ ಇದೇ ಹುಡುಗರು ಎಷ್ಟು ಶ್ರದ್ಧೆಯಿಂದ ಯಂತ್ರ ಉಜ್ಜುತ್ತಾರೆ, ನೀನೇ ನೋಡಿದ್ದೀಯೆ. ದಿನವೂ ಶಿಫ್ಟ್ ಮುಗಿಯುವ ಮೊದಲು ಹತ್ತು ನಿಮಿಷ ಅದಕ್ಕೆಂದೇ ಬಿಡು. ಆ ಹತ್ತು ನಿಮಿಷ ಸಂಬಳದ ಹೊತ್ತಿನೊಳಗೇ ಇರಲಿ. ನೀನೂ ಒಂದು ಬಟ್ಟೆ ಹಿಡಿದು ಜೊತೆಗೆ ನಿಲ್ಲು.

ಸುರಕ್ಷತೆಯ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ. ಲೇತಿನಲ್ಲಿ ತುಂಡನ್ನು ಹಿಡಿದು ತಿರುಗುವ ಭಾಗ ಚಕ್ಕು. ಅದನ್ನು ಬಿಗಿಮಾಡುವ ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಯಾರಾದರೂ ಸ್ವಿಚ್ ಒತ್ತಿದರೆ ಅದು ಗುಂಡಿನಂತೆ ಹಾರುತ್ತದೆ. ತಿರುಗುವ ಯಂತ್ರದ ಹತ್ತಿರ ಕೈಗವಸು ಬೇಡ. ಬೆರಳು ಉಳಿಸಬೇಕಾದ ಗವಸೇ ಕೈಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕಡೆಯುವಾಗ ಬರುವ ಲೋಹದ ಸುರುಳಿ ಚೂರನ್ನು ಕೊಕ್ಕೆಯಿಂದ ತೆಗೆಯಲಿ, ಅದೂ ಯಂತ್ರ ನಿಂತ ಮೇಲೆ. ಮನೆಗೆ ಹೊರಡುವಾಗ ಏರ್ ಗನ್ನಿನಿಂದ ಮೈಮೇಲಿನ ದೂಳು ಹಾರಿಸಿಕೊಳ್ಳುವುದನ್ನು ಇಂದೇ ನಿಲ್ಲಿಸು, ಕಣ್ಣಿಗೂ ಕಿವಿಗೂ ಅಪಾಯ. ಎಣ್ಣೆಬಟ್ಟೆಗೆ ಮುಚ್ಚಳವಿರುವ ತಗಡಿನ ಡಬ್ಬ ಇಡಿಸು. ವಿದ್ಯುತ್ ಪ್ಯಾನಲ್ಲಿನ ಮುಂದೆ ಒಂದು ಮೀಟರ್ ಜಾಗ ಸದಾ ಖಾಲಿ ಇರಬೇಕು. ಕಳೆದ ಸಲ ಬಂದಾಗ ಅಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದರು. ಇನ್ನು ನೀನು ಶೆಡ್ಡಿನೊಳಗೆ ದುಪಟ್ಟಾ ಹಾಕಿಕೊಂಡು ಹೋಗಕೂಡದು. ಜಡೆಯನ್ನು ಸುತ್ತಿ ಕಟ್ಟಿ ಟೋಪಿಯೊಳಗೆ ಸೇರಿಸು.

ಇದೆಲ್ಲ ಜಪಾನಿನವರು ಹೇಳಿದ್ದಕ್ಕೆ ಮಾಡಬೇಕಾದದ್ದಲ್ಲ. ನೆಲ, ಮೆಟ್ಟಿಲು, ಓಡಾಡುವ ದಾರಿಯಲ್ಲಿ ಅಡೆತಡೆಯಾಗಲಿ ಜಾರುವ ಪದಾರ್ಥವಾಗಲಿ ಇರಬಾರದೆಂದು ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ವಾರಕ್ಕೊಮ್ಮೆಯಾದರೂ ನೆಲ ತೊಳೆಯಬೇಕು, 14 ತಿಂಗಳಿಗೊಮ್ಮೆ ಗೋಡೆಗೆ ಸುಣ್ಣ ಬಳಿಸಬೇಕು ಎಂದೂ ಇತ್ತು.

ತಪಾಸಣೆಯವರು ಬಂದುಹೋದ ಮೇಲೆ ಇದು ಸಡಿಲವಾಗುತ್ತದೆ, ಎಲ್ಲ ಕಡೆಯೂ ಆಗುವುದೇ. ಶನಿವಾರ ಸಂಜೆ ನೀನು, ಮೇಸ್ತ್ರಿ, ಜೊತೆಗೆ ವಾರಕ್ಕೊಬ್ಬ ಕೆಲಸಗಾರ, ಮೂವರೂ ಒಂದು ಸುತ್ತು ಬನ್ನಿ. ಕಂಡ ಲೋಪವನ್ನು ಹಲಗೆಯ ಮೇಲೆ ಬರೆಯಿರಿ. ಯಾರ ತಪ್ಪೆಂದು ಹೆಸರು ಬರೆಯಬೇಡಿ. ಯಾರು ಯಾವ ದಿನದೊಳಗೆ ಸರಿಮಾಡುತ್ತಾರೆ ಎಂಬುದಷ್ಟೇ ಸಾಕು.

ಕೆಂಪು ಚೀಟಿ ಕಟ್ಟಿದ ವಸ್ತುಗಳ ಪಟ್ಟಿಯನ್ನು ನನಗೂ ಕಳುಹಿಸು. ಆ ಹಳೆಯ ಡ್ರಿಲ್ಲಿಂಗ್ ಯಂತ್ರಕ್ಕೆ ನಿನಗೆ ಕೆಲಸವಿಲ್ಲವೆಂದಾದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡ. ಇಲ್ಲಿನ ಒಂದು ಐಟಿಐಯವರು ಮಕ್ಕಳಿಗೆ ಕಲಿಸಲು ಅಂಥದ್ದೊಂದನ್ನು ಹುಡುಕುತ್ತಿದ್ದಾರೆ, ನಾನು ಮಾತನಾಡುತ್ತೇನೆ. ಅಕ್ಕನಿಗೆ, ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಮಾವ