ಅಡುಗೆಮನೆ ಸಾಹಿತ್ಯ ಅಂದ್ರೆ ಹಗುರಾನಾ?

ಸಂಪಾದಕರೇ,

ಹೆಂಗಸರು ಬರೆದ ಕಾದಂಬರಿ ಅಂದ್ರೆ 'ಅಡುಗೆಮನೆ ಸಾಹಿತ್ಯ' ಅಂತ ಪಕ್ಕಕ್ಕಿಡೋ ಚಾಳಿ ಇನ್ನೂ ಹೋಗಿಲ್ಲ, ಇದು ಬೇಜಾರಿನ ವಿಷಯ. 1976ರಲ್ಲಿ ಬಂದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಒಮ್ಮೆ ಓದಿ ನೋಡಿ, ನಿಜವಾಗ್ಲೂ ಬದುಕಿದ್ದ ಒಬ್ಬ ಬಾಲವಿಧವೆಯ ಕಥೆ ಅದು, ತಲೆ ಬೋಳಿಸಿಕೊಂಡು ಜೀವನಪೂರ್ತಿ ಮಡಿಯಲ್ಲೇ ಕಳೆದ ಆ ಹೆಂಗಸು ಜಾತಿ ನೋಡದೆ ಹೆರಿಗೆ ಮಾಡಿಸೋಕೆ ಹೋಗ್ತಾಳೆ, ತಲೆ ಬೋಳಿಸಿಕೊಳ್ಳಲ್ಲ ಅಂದ ಹುಡುಗಿ ಪರ ನಿಲ್ತಾಳೆ. ಭಾಷಣ ಗೀಷಣ ಏನೂ ಇಲ್ಲ. (ನಮ್ಮಜ್ಜಿಯಂತೂ ಇದನ್ನ ಕಥೆ ಅಂತ ಒಪ್ತಾನೇ ಇರ್ಲಿಲ್ಲ, 'ನಮ್ಮನೇದೇ ಕಣೇ' ಅಂತಿದ್ರು.) ಸ್ತ್ರೀವಾದ ಅನ್ನೋದು ಹೊರಗಿಂದ ಬಂದಿದ್ದು ಅನ್ನೋರು ಇದಕ್ಕೇನಂತಾರೋ! ಪಠ್ಯಕ್ಕೆ ಎರಡು ಪುಟದ ತುಣುಕು ಹಾಕೋ ಬದ್ಲು ಪಿಯುಸಿ ಮಕ್ಕಳಿಗೆ ಇಂಥ ಕಾದಂಬರಿ ಪೂರ್ತಿ ಓದಿಸಲಿ, ಹುಡುಗರಿಗೂ.

- ಒಬ್ಬ ಓದುಗಿ, ಶಿವಮೊಗ್ಗ