ತಾಳ ತಪ್ಪಿತು ಎಂದವರಿಗೆ

ನಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ಮಗ ನುಡಿಸಿದ ಮೋಹನ ರಾಗವನ್ನು ಕೇಳಿದ ಮೇಲೆ ಹಲವರು ಫೋನ್ ಮಾಡಿ ಹೊಗಳಿದಿರಿ. ಆ ಹೊಗಳಿಕೆಯನ್ನು ಸೇರಬೇಕಾದವರಿಗೆ ತಲುಪಿಸುವುದು ಅಪ್ಪನಾದ ನನ್ನ ಕೆಲಸ.

ಅವನಿಗಿರುವುದು ಡುಷೇನ್ ಸ್ನಾಯುಕ್ಷಯ. ಸ್ನಾಯುಗಳನ್ನು ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ದೇಹದಲ್ಲಿ ತಯಾರಾಗುವುದಿಲ್ಲ. ಮೊದಲು ಕಾಲು ಸೋತಿತು, ಆಮೇಲೆ ತೋಳು. ಕೀಬೋರ್ಡ್ ಮುಚ್ಚಿಟ್ಟ ದಿನ ಸಂಗೀತವೂ ಮುಗಿಯಿತೆಂದೇ ತಿಳಿದಿದ್ದೆವು.

ಆಗ ಫಿಸಿಯೋಥೆರಪಿಸ್ಟ್ ಮೇಡಂ ತೋರಿಸಿದ್ದು ಎಯುಎಂಐ ಎಂಬ ಉಚಿತ ತಂತ್ರಾಂಶವನ್ನು. ಅಮೆರಿಕದ ಸಂಗೀತ ಸಂಯೋಜಕಿ ಪಾಲಿನ್ ಒಲಿವೆರೋಸ್ ಮತ್ತು ಸಂಗಡಿಗರು 2007ರ ಸುಮಾರಿಗೆ ಇದನ್ನು ಶುರುಮಾಡಿದರು. ಲ್ಯಾಪ್‌ಟಾಪಿನ ಕ್ಯಾಮೆರಾ ಮೂಗಿನ ತುದಿಯನ್ನು ಹಿಂಬಾಲಿಸುತ್ತದೆ. ಪರದೆಯ ಒಂದೊಂದು ಚೌಕಕ್ಕೆ ಒಂದೊಂದು ಸ್ವರ; ಮೂಗು ಆ ಚೌಕಕ್ಕೆ ಬಂದರೆ ಸ್ವರ ಹೊರಡುತ್ತದೆ. ಇದರಿಂದ ರೋಗ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕುತ್ತಿಗೆ ದಣಿಯುವ ಮೊದಲೇ ನಿಲ್ಲಿಸಬೇಕೆಂಬುದು ಮೇಡಂ ಅವರ ಕಟ್ಟಪ್ಪಣೆ. ತಲೆ ತುಸುವೇ ಅಲುಗಿದರೂ ಸ್ವರ ಹೊರಡುವಂತೆ ಹೊಂದಿಸಿಕೊಟ್ಟವರೂ ಅವರೇ.

ಪಕ್ಕದ ಮನೆಯ ವೀಣೆ ಟೀಚರ್ ಮೋಹನದ ಐದು ಸ್ವರಗಳನ್ನೂ ಮೇಲಿನ ಷಡ್ಜವನ್ನೂ ಒಂದೊಂದಾಗಿ ಮೀಟಿ ರೆಕಾರ್ಡ್ ಮಾಡಿಸಿಕೊಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಎದುರು ಕೂತು ಆದಿತಾಳ ಹಾಕುತ್ತ ‘ತಾಳ ತಪ್ಪಿತು, ಮತ್ತೆ’ ಎನ್ನುತ್ತಿದ್ದರು. ಗಾಲಿಕುರ್ಚಿ ಕಂಡೊಡನೆ ಏನು ನುಡಿಸಿದರೂ ಚಪ್ಪಾಳೆ ತಟ್ಟುವವರನ್ನೇ ನೋಡಿದ್ದ ಹುಡುಗನಿಗೆ ಆ ಗದರಿಕೆ ಎಷ್ಟು ಹಿತವಾಯಿತೆಂದು ನನಗೆ ಗೊತ್ತು. ಮೂಗು ಚೌಕಕ್ಕೆ ಬಂದದ್ದಕ್ಕೂ ಸ್ವರ ಕೇಳುವುದಕ್ಕೂ ನಡುವೆ ಕೂದಲೆಳೆಯಷ್ಟು ತಡವಾಗುತ್ತದೆ. ಆ ತಡವನ್ನು ಲೆಕ್ಕ ಹಾಕಿ ಒಂದಿಷ್ಟು ಮೊದಲೇ ಹೊರಡುವುದನ್ನು ಅವನು ಕಲಿತ. ಈಗ ನಾನು ತೊಡೆ ತಟ್ಟಿದರೂ ತಿದ್ದುತ್ತಾನೆ! ಅದೊಂದನ್ನು ಟೀಚರ್ ಕಲಿಸದಿದ್ದರೆ ಚೆನ್ನಾಗಿತ್ತು.

ಶಾಮಿಯಾನದ ಹುಡುಗರೇ, ಸೀರಿಯಲ್ ಸೆಟ್ ಮಿಣುಕಿದಾಗಲೆಲ್ಲ ಕ್ಯಾಮೆರಾ ಮೂಗನ್ನು ಬಿಟ್ಟು ಬೇರೆಲ್ಲಿಗೋ ಓಡುತ್ತಿತ್ತು. ಗಣಪತಿಯ ಮುಂದಿನ ಅಲಂಕಾರದ ದೀಪಗಳನ್ನೇ ಆರಿಸಿ, ಮಗನ ಮುಖಕ್ಕೆ ನೇರವಾಗಿ ಒಂದು ಟ್ಯೂಬ್‌ಲೈಟ್ ಕಟ್ಟಿದಿರಿ. ಸಮಿತಿಯವರೂ ಗೊಣಗಲಿಲ್ಲ. ಮೃದಂಗ ನುಡಿಸಿದ ಅವನ ಸಹಪಾಠಿಗೆ ನನ್ನ ನಮಸ್ಕಾರ: ಗೆಳೆಯನಿಗಾಗಿ ಲಯವನ್ನು ಎಲ್ಲಿಯೂ ಸಡಿಲಿಸಲಿಲ್ಲ.

ಮುಂದೆ ಅವನು ನುಡಿಸುವುದು ಹಂಸಧ್ವನಿ ರಾಗವಂತೆ. ಮೋಹನದ ಧೈವತ (‘ದ’ ಸ್ವರ) ತೆಗೆದು ಕಾಕಲಿ ನಿಷಾದ (‘ನಿ’ಯ ಮೇಲಿನ ರೂಪ) ಹಾಕಿದರೆ ಸ್ವರಗಳು ಸಿದ್ಧ. ಟೀಚರ್, ಆ ಒಂದು ಸ್ವರದ ರೆಕಾರ್ಡಿಂಗಿಗೆ ಭಾನುವಾರ ಬರುತ್ತೇವೆ. ಧೈವತವನ್ನು ಅವನು ಆಗಲೇ ಅಳಿಸಿಬಿಟ್ಟಿದ್ದಾನೆ, ದಯವಿಟ್ಟು ಇಲ್ಲವೆನ್ನಬೇಡಿ.