ಯಾರು ಹೇಳಿದ್ದು?

2022ರ ಸೆಪ್ಟೆಂಬರ್. ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಿದೆ ಅಂತ, ಊರಿಂದ ದೂರ ಇರುವ ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. ತಕ್ಷಣ ನಂಬಿದವರು ಕಡಿಮೆ. ಯಾಕೆ ನಂಬಬೇಕು ಹೇಳಿ? ಆ ಅಣೆಕಟ್ಟು ಅದಕ್ಕೆ ಮುಂಚೆ ಕೋಡಿ ಬಿದ್ದಿದ್ದು 1933ರಲ್ಲಿ. ನಮ್ಮ ಚಿತ್ರದುರ್ಗದ ಕಡೆಯವರಿಗೆ ಮಾರಿಕಣಿವೆ (ಅದೇ ಅಣೆಕಟ್ಟಿನ ಇನ್ನೊಂದು ಹೆಸರು) ಅಂದರೆ ತಳ ಸೇರಿದ ನೀರು, ಬರಗಾಲದ ಮಾತು. "ಯಾವುದೋ ಹಳೇ ವಿಡಿಯೋ ಇರಬೇಕು" ಅಂತ ಒಬ್ಬರು ಬರೆದರು. ಟಿವಿ ಚಾನೆಲ್‌ನ ತುಣುಕು ಬಂದರೂ ಅನುಮಾನ ಹೋಗಲಿಲ್ಲ. ಕೊನೆಗೆ ಹಿರಿಯೂರು ಮೂಲದ ಸದಸ್ಯರೊಬ್ಬರ ಅಣ್ಣ ಕೋಡಿಯ ಹತ್ತಿರವೇ ನಿಂತು ಮಾತಾಡಿ ಕಳಿಸಿದರು. "ನಮ್ ತಾತ ಹೇಳ್ತಿದ್ದ ಕಣ್ರಪ್ಪ, ನಾನೀಗ ಕಣ್ಣಾರೆ ನೋಡ್ತಾ ಇದೀನಿ." ಆಮೇಲೆ ಅನುಮಾನದ ಮಾತೇ ಬರಲಿಲ್ಲ.

ಸುದ್ದಿ ಅದೇ, ನೀರೂ ಅದೇ. ನಂಬಿಕೆ ತಂದಿದ್ದು ಗುರುತಿನ ದನಿ. ಮಾಧ್ಯಮ ನಮ್ಮ ಬದುಕನ್ನು ಹೇಗೆ ಬದಲಿಸುತ್ತಿದೆ ಅನ್ನೋ ಚರ್ಚೆ ಬಂದಾಗಲೆಲ್ಲ ನಾವು ಫೋನು, ವೇಗ, ಮಕ್ಕಳ ಕಣ್ಣು ಅಂತ ಮಾತಾಡುತ್ತೇವೆ. ಹೇಳಿದವರು ಯಾರು ಅನ್ನೋದು ಆ ಮಾತಲ್ಲಿ ಬರೋದೇ ಇಲ್ಲ. ನನಗೆ ಮುಖ್ಯ ಅನಿಸುವುದು ಅದೇ.

ನಮ್ಮ ಜಿಲ್ಲೆಯ ತೀರ ಹಳೆಯ ಬರಹವನ್ನೇ ನೋಡಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆದೇಶ ಅದು. ಭಾಷೆ ಪ್ರಾಕೃತ. ಆ ಬೆಟ್ಟದ ಸುತ್ತ ದನ ಕಾಯುತ್ತಿದ್ದವರ ಮಾತು ಅದಾಗಿರಲಿಕ್ಕಿಲ್ಲ. ತಂದೆತಾಯಿ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅಂತ ಅದರಲ್ಲಿದೆ. ಕೊನೆಗೆ ಬರೆದವನ ಹೆಸರು: ಚಪಡ. ಲಿಪಿಕಾರ ಎಂಬ ತನ್ನ ಕಸುಬನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ದೂರದ ವಾಯವ್ಯ ಗಡಿಯ ಲಿಪಿ. ಚಕ್ರವರ್ತಿಯ ಮಾತನ್ನು ಕಲ್ಲಿಗೆ ಇಳಿಸಿದವನೂ "ಇದನ್ನು ಬರೆದವನು ನಾನು" ಅಂತ ನಿಂತಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷ ದಾಟಿದರೂ ಅವನ ಹೆಸರು ಗೊತ್ತು. ಇವತ್ತು ಬೆಳಿಗ್ಗೆ ಬಂದ ಫಾರ್ವರ್ಡ್ ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ.

ದಾವಣಗೆರೆಯಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಭದ್ರಾವತಿ ಆಕಾಶವಾಣಿ ಮನೆಯ ಸದ್ದು. ರೇಡಿಯೋದಲ್ಲಿ ವಾರ್ತೆ ಓದುವವರು ಮೊದಲು ತಮ್ಮ ಹೆಸರು ಹೇಳುತ್ತಿದ್ದರು. ಚಿಂದೋಡಿ ಲೀಲಾ ಅವರ ನಾಟಕ ಕಂಪನಿ ಇತ್ತು, ಊರ ದಿನಪತ್ರಿಕೆ ಜನತಾವಾಣಿ ಇತ್ತು. ಪತ್ರಿಕೆಯಲ್ಲಿ ತಪ್ಪು ಬಂದರೆ ಯಾರನ್ನು ಹೋಗಿ ಕೇಳಬೇಕು ಅಂತ ಓದುಗರಿಗೆ ಗೊತ್ತಿತ್ತು. ಇವತ್ತಿಗೂ ನಮ್ಮಲ್ಲಿ ಹಲವರು ದಾವಣಗೆರೆ ಪತ್ರಿಕೆಯನ್ನು ಆನ್‌ಲೈನ್‌ನಲ್ಲಿ ತೆಗೆದು ಮೊದಲು ನೋಡುವುದು ಕೈಲಾಸ ಶಿವಗಣಾರಾಧನೆಯ ಆಹ್ವಾನಗಳನ್ನೇ. ಅಲ್ಲಿ ತೀರಿಹೋದವರ ಫೋಟೋ ಇರುತ್ತದೆ, ಕರೆಯುವವರ ಹೆಸರೂ ಇರುತ್ತದೆ.

ಹೆಸರಿದ್ದರೆ ಎಲ್ಲ ಸರಿ ಅಂತ ಹೇಳುತ್ತಿಲ್ಲ. ಓಬವ್ವನ ವಿಷಯ ತಗೊಳ್ಳಿ. ದುರ್ಗದ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಕತೆಯನ್ನು ಪುಟ್ಟಣ್ಣ ಕಣಗಾಲರು 1972ರ ನಾಗರಹಾವು ಚಿತ್ರದ ಒಂದು ಹಾಡಿನೊಳಗೆ ತಂದರು. ಅಲ್ಲಿಂದ ಕರ್ನಾಟಕದ ಪಾಲಿಗೆ ಓಬವ್ವ ಅಂದರೆ ಜಯಂತಿ ಅವರ ಮುಖ. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಓಬವ್ವನ ಹೆಸರಿದೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಓಬವ್ವ ಜಯಂತಿ ಮಾಡುತ್ತಿದೆ. ನಮ್ಮ ರಾಜ್ಯೋತ್ಸವದಲ್ಲೂ ಒಬ್ಬಳಾದರೂ ಪುಟ್ಟ ಓಬವ್ವ ಒನಕೆ ಹಿಡಿದು ವೇದಿಕೆ ಹತ್ತುತ್ತಾಳೆ. ಕನ್ನಡ ಬರದ ಮಗು ಕೂಡ ಆ ಹೆಸರು ಹೇಳುತ್ತದೆ. ಒಂದು ಹಾಡು ಇಷ್ಟು ಕೆಲಸ ಮಾಡಿದ್ದಕ್ಕೆ ನನಗೆ ನಿಜಕ್ಕೂ ಹೆಮ್ಮೆ ಇದೆ.

ಆದರೆ ಕತೆ ಆ ಕಿಂಡಿಯ ಹತ್ತಿರವೇ ನಿಂತುಬಿಟ್ಟಿದೆ. ಓಬವ್ವ ಗೆದ್ದಳು ಅಂತ ಮಕ್ಕಳಿಗೆ ಗೊತ್ತು. ಅದೇ ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು, ಮದಕರಿ ನಾಯಕ ಸೆರೆಯಾದ ಅನ್ನೋದು ಗೊತ್ತಿಲ್ಲ. ಕಹಳೆ ಊದುವ ಕಾವಲುಗಾರನ ಹೆಂಡತಿ, ಗಂಡ ಊಟಕ್ಕೆ ಕೂತಾಗ ನೀರು ತರಲು ಹೋದವಳು ಅಂತ ದುರ್ಗದ ಅಜ್ಜಿಯರು ಹೇಳುವಾಗ ಒಂದು ಬಡ ಸಂಸಾರದ ಊಟದ ಹೊತ್ತು ಕಣ್ಣಿಗೆ ಕಟ್ಟುತ್ತದೆ. ಹಾಡಿನ ಅಬ್ಬರದಲ್ಲಿ ಆ ಹೊತ್ತು ಸಣ್ಣದಾಗುತ್ತದೆ. ತಪ್ಪು ಸಿನಿಮಾದ್ದಲ್ಲ. ಸಿನಿಮಾ ಹೇಳಿದ ಮೇಲೆ ಮನೆಯವರು ಹೇಳುವುದನ್ನು ಬಿಟ್ಟರಲ್ಲ, ಅದು ನನಗೆ ಬೇಸರ.

ಹೆಸರೇ ಇಲ್ಲದ ಮಾತು ಏನು ಮಾಡಬಲ್ಲದು ಅಂತಲೂ ನೋಡಿದ್ದೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವದಂತಿ ನಂಬಿದ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು 5 ಚಾಟ್‌ಗಳಿಗೆ ಮಿತಿ ಮಾಡಿತು. ಆ ವದಂತಿಯನ್ನು ಮೊದಲು ಬರೆದವರು ಯಾರು ಅಂತ ಮುಂದೆ ಕಳಿಸಿದವರು ಕೇಳಲಿಲ್ಲ.

ಇಷ್ಟು ಘೋರವಲ್ಲದ ಇನ್ನೊಂದು ಇದೆ. ಅದು ದಿನವೂ ನಡೆಯುತ್ತದೆ. ಬಸವಣ್ಣ ಹೇಳಿದ್ದು ಅಂತ ಯಾರೋ ಬರೆದ ನಾಲ್ಕು ಸಾಲು ಬರುತ್ತವೆ. ಕೆಳಗೆ ಕೂಡಲಸಂಗಮದೇವ ಅಂತ ಅಂಕಿತವೂ ಇರುತ್ತದೆ! ಶರಣರು ಒಬ್ಬೊಬ್ಬರೂ ತಮ್ಮ ಅಂಕಿತ ಇಟ್ಟು ಮಾತಾಡಿದವರು. ಆಡಿದ ಮಾತಿಗೆ ಹೊಣೆ ಹೊತ್ತವರು. ಅವರ ಅಂಕಿತವನ್ನು ಕದ್ದು ಸುಳ್ಳಿಗೆ ಅಂಟಿಸುವುದು ನನಗೆ ಕಳ್ಳತನಕ್ಕಿಂತ ಜಾಸ್ತಿ ಅನಿಸುತ್ತದೆ. ಇದಕ್ಕೆ ಮದ್ದೂ ನಮ್ಮ ಜಿಲ್ಲೆಯಿಂದಲೇ ಬಂದಿದೆ. ಸಿರಿಗೆರೆಯ ತರಳಬಾಳು ಮಠದವರು 20 ಸಾವಿರಕ್ಕೂ ಹೆಚ್ಚು ವಚನಗಳ ಆ್ಯಪ್ ಮಾಡಿದ್ದಾರೆ. ಒಂದು ಪದ ಹಾಕಿದರೆ ಅದು ಬರುವ ವಚನಗಳು, ವಚನಕಾರರ ಹೆಸರು ಎದುರಿಗೆ ಬರುತ್ತವೆ. ಗುಂಪಿಗೆ ಹಾಕುವ ಮುಂಚೆ ಅರ್ಧ ನಿಮಿಷ ಹುಡುಕಿ. ಸಿಗಲಿಲ್ಲ ಅಂದರೆ ಸುಮ್ನೆ ಬಿಟ್ಟುಬಿಡಿ.

ಈಗ ಯಂತ್ರದ ದನಿಯಲ್ಲಿ ಕನ್ನಡದ ವಿಡಿಯೋಗಳು ಬರುತ್ತಿವೆ. ಉಚ್ಚಾರ ಚೆನ್ನಾಗಿಯೇ ಇರುತ್ತದೆ. ಆದರೆ ಆ ಕನ್ನಡಕ್ಕೆ ಊರಿಲ್ಲ. ದಾವಣಗೆರೆಯವರು ಬಾಯಿ ತೆಗೆದರೆ ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ, ಚಳ್ಳಕೆರೆಯವರದು ಬೇರೆಯೇ ಗೊತ್ತಾಗುತ್ತದೆ, ಅಲ್ವಾ? ಚಳ್ಳಕೆರೆ ತಾಲ್ಲೂಕಿನ ಯಲಗಟ್ಟಿ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಸಾವಿರಾರು ಜನಪದ ಹಾಡುಗಳು ನೆನಪಲ್ಲಿದ್ದವು. ಕೃಷ್ಣಮೂರ್ತಿ ಹನೂರು ಅವರು ಕೂತು ಕೇಳಿ, ಸಂಗ್ರಹಿಸಿ, ಅವರ ಹೆಸರಿನ ಜೊತೆಗೇ ನಾಡಿಗೆ ಕೊಟ್ಟರು. ಅವತ್ತು ಅದಕ್ಕೆ ವಿದ್ವಾಂಸರೇ ಹಟ್ಟಿಗೆ ಹೋಗಬೇಕಿತ್ತು. ಇವತ್ತು ದನಿ ಹಿಡಿಯುವ ಯಂತ್ರ ನಮ್ಮೆಲ್ಲರ ಜೇಬಲ್ಲಿದೆ. ಊರಿಗೆ ದಿನಾ ವಿಡಿಯೋ ಕಾಲ್ ಮಾಡುತ್ತೇವೆ, ಊಟ ಆಯ್ತಾ ಅಂತ ಕೇಳಿ ಇಡುತ್ತೇವೆ.

ಅದಕ್ಕೇ ಒಂದು ತೀರ್ಮಾನ ಮಾಡಿದ್ದೇವೆ. ಈ ಸುದ್ದಿಪತ್ರದಲ್ಲಿ ಇನ್ನು ಮುಂದೆ ಎಲ್ಲಿಂದಲೋ ಬಂದ ಸಂದೇಶಗಳನ್ನು ಅಚ್ಚು ಹಾಕುವುದಿಲ್ಲ. ಶುಭಾಶಯ, ಸುಭಾಷಿತ, ಮನೆಮದ್ದು ಯಾವುದೇ ಇರಲಿ. ಆ ಪುಟವನ್ನು ಊರಿನವರ ಮಾತಿಗೆ ಬಿಡುತ್ತೇವೆ. ನಿಮ್ಮ ಅಮ್ಮನಿಗೆ, ಅತ್ತೆಗೆ, ದೊಡ್ಡಪ್ಪನಿಗೆ ಫೋನ್ ಮಾಡಿದಾಗ ಒಂದು ಪ್ರಶ್ನೆ ಜಾಸ್ತಿ ಕೇಳಿ. ದಾವಣಗೆರೆ ಹತ್ತಿ ಗಿರಣಿಯ ಪಾಳಿ ಹೇಗಿತ್ತು? ದುಗ್ಗಮ್ಮನ ಜಾತ್ರೆಗೆ ಯಾರು ಯಾರು ಬರುತ್ತಿದ್ದರು? ಓಬವ್ವನ ಕತೆ ನಿಮಗೆ ಮೊದಲು ಹೇಳಿದ್ದು ಯಾರು? ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ ಕಳಿಸಿ. ಹೇಳಿದವರ ಹೆಸರು ಮತ್ತು ಊರು ಬೇಕೇ ಬೇಕು. ಬರೆದುಕೊಳ್ಳುವ ಕೆಲಸ ನಮ್ಮದು. ಅವರು "ಐತಿ" ಅಂದರೆ "ಐತಿ" ಅಂತಲೇ ಅಚ್ಚಾಗುತ್ತದೆ.